ಮಗಳಿಗೊಂದು ಪತ್ರ: ಅಪ್ಪ ಹೇಳಿಕೊಟ್ಟ ಉಚ್ಚಾರಣೆ

ಪ್ರೀತಿಯ ಮಗಳೇ,

ಟೊರಾಂಟೊದಿಂದ ನೀನು ಕಳುಹಿಸಿದ ಎರಡೂ ಪುಸ್ತಕಗಳನ್ನು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಓದಿ ಮುಗಿಸಿದೆ. ನಿಮ್ಮೂರಿನ ಲೇಖಕಿ ಸೂವನ್‌ಖಾಮ್ ತಮ್ಮವೊಂಗ್ಸಾ ತಮ್ಮ ಮೊದಲ ಕಾದಂಬರಿ ‘ಪಿಕ್ ಎ ಕಲರ್’ಗೆ ಕೆನಡಾದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗಿಲ್ಲರ್ ಪ್ರಶಸ್ತಿಯನ್ನು 2025ರಲ್ಲಿ ಪಡೆದ ಸುದ್ದಿಯ ಜೊತೆಗೇ, ವಯಸ್ಸು ಮೂವತ್ತನಾಲ್ಕಾದರೂ ನಿನ್ನ ಕಾದಂಬರಿ ಅರ್ಧಕ್ಕೇ ನಿಂತಿದೆ ಎಂದು ನೊಂದು ಬರೆದಿದ್ದೆ. ಆ ಮಾತೇ ನನ್ನನ್ನು ಅವರ ಬದುಕಿನ ವಿವರಗಳತ್ತ ಎಳೆದೊಯ್ದಿತು.

ಲಾವೋಸ್ ತೊರೆದು ಬಂದ ತಂದೆತಾಯಿಯರಿಗೆ ಅವರು ಹುಟ್ಟಿದ್ದು 1978ರಲ್ಲಿ, ಥಾಯ್ಲೆಂಡಿನ ನೊಂಗ್ ಖಾಯ್‌ನ ನಿರಾಶ್ರಿತರ ಶಿಬಿರದಲ್ಲಿ, ಬೆಳೆದದ್ದು ಟೊರಾಂಟೊದಲ್ಲಿ. ಮೊದಲ ಕವನ ಸಂಕಲನ 2003ರಲ್ಲಿ ಬಂದಿತು. ಅಲ್ಲಿಂದ ಕಾದಂಬರಿಗೆ 22 ವರ್ಷ.

ಶಿಬಿರದಲ್ಲಿದ್ದಾಗ ಅವರ ತಂದೆ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡಿದ್ದರು. ಗೀಚಿದ ಚಿತ್ರಗಳು, ವಿಳಾಸಗಳು, ಅಂಚೆಚೀಟಿಗಳು, ಅಳತೆಗಳು ಅದರಲ್ಲಿದ್ದವು. ಮುಂದೊಂದು ದಿನ ತಂದೆ ಬೇಡವೆಂದು ಎಸೆದ ಆ ಪುಸ್ತಕವನ್ನು ಮಗಳು ಎತ್ತಿಟ್ಟುಕೊಂಡರು. 2007ರ ‘ಫೌಂಡ್’ ಸಂಕಲನದ ಕವಿತೆಗಳು ಹುಟ್ಟಿದ್ದು ಅದರಿಂದಲೇ. ಇದನ್ನು ಓದಿದ ಸಂಜೆ ನಾನು ಅಟ್ಟ ಹತ್ತಿ, ಹಾಲಿನ ಲೆಕ್ಕವನ್ನೂ ನಿನ್ನ ಶಾಲೆಯ ಫೀಸನ್ನೂ ಬರೆದಿಡುತ್ತಿದ್ದ ಹಳೆಯ ಡೈರಿಗಳನ್ನು ಕೆಳಗಿಳಿಸಿ ಧೂಳು ಒರೆಸಿಟ್ಟಿದ್ದೇನೆ.

ಕಾದಂಬರಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿಯೊಂದರ ಒಂದೇ ದಿನದ ಕಥೆ. ಅದನ್ನು ನಡೆಸುವ ನಿಂಗ್ ಹಿಂದೆ ಬಾಕ್ಸಿಂಗ್ ಆಡಿದವಳು, ಮತ್ತು ಅಲ್ಲಿ ದುಡಿಯುವವರೆಲ್ಲರ ಎದೆಯ ಮೇಲಿನ ಚೀಟಿಯಲ್ಲಿ ‘ಸೂಸನ್’ ಎಂಬ ಒಂದೇ ಹೆಸರು. ಗಿರಾಕಿಗಳಿಗೆ ಅರ್ಥವಾಗದ ತಮ್ಮ ಭಾಷೆಯಲ್ಲಿ ಅವರು ಆಡಿಕೊಳ್ಳುವ ಮಾತುಗಳು ಬಹಳ ಸೊಗಸಾಗಿವೆ. ಆದರೂ ನನ್ನನ್ನು ಹೆಚ್ಚು ಕಾಡಿದ್ದು, 2020ರಲ್ಲಿ ಲೇಖಕಿಗೆ ಮೊದಲ ಸಲ ಗಿಲ್ಲರ್ ತಂದುಕೊಟ್ಟ ‘ಹೌ ಟು ಪ್ರೊನೌನ್ಸ್ ನೈಫ್’ ಕಥಾಸಂಕಲನದ ಶೀರ್ಷಿಕೆಯ ಕಥೆ. ಇಂಗ್ಲಿಷಿನ ‘ನೈಫ್’ ಪದದ ಮೊದಲಿಗಿದ್ದೂ ಉಚ್ಚರಿಸಬಾರದ ‘ಕೆ’ ಅಕ್ಷರವನ್ನು ಬಿಡದೆ ‘ಕ್ನೈಫ್’ ಎಂದು ಅಪ್ಪ ಮನೆಯಲ್ಲಿ ಹೇಳಿಕೊಡುತ್ತಾನೆ. ಮಗು ತರಗತಿಯಲ್ಲಿ ಹಾಗೆಯೇ ಓದಿ, ಮೊದಲಿಗೇ ನಿಂತಿರುವ ಅಕ್ಷರಕ್ಕೆ ದನಿ ಇರಲೇಬೇಕೆಂದು ಹಟ ಹಿಡಿಯುತ್ತದೆ, ಆದರೆ ಮನೆಗೆ ಬಂದು ಅಪ್ಪನಿಗೆ ಏನನ್ನೂ ಹೇಳುವುದಿಲ್ಲ.

ಆ ಪುಟ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ನಿನಗೆ ಬುಧವಾರದ ಇಂಗ್ಲಿಷ್ ಹೆಸರನ್ನು, ಒಂದು ಅಕ್ಷರವನ್ನೂ ಬಿಡದೆ, ‘ವೆಡ್-ನೆಸ್-ಡೇ’ ಎಂದು ಬಾಯಿಪಾಠ ಮಾಡಿಸಿದ್ದೆ. ಮರುದಿನ ಶಾಲೆಯಿಂದ ಬಂದವಳು ಚೀಲವನ್ನು ಮೂಲೆಗಿಟ್ಟು, ಮಾತಾಡದೆ ಕೈಕಾಲು ತೊಳೆಯಲು ಹೋದದ್ದು ನನಗಿನ್ನೂ ನೆನಪಿದೆ. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ, ಅದೂ ನಿನ್ನ ಅಮ್ಮನಿಂದ.

ಡೈರಿಗಳನ್ನು ಮುಂದಿನ ವಾರ ಅಂಚೆಗೆ ಹಾಕುತ್ತೇನೆ. ನನ್ನಿಂದ ತಪ್ಪಾಗಿ ಕಲಿತು, ನನಗೆ ನೋವಾದೀತೆಂದು ನೀನು ಮುಚ್ಚಿಟ್ಟ ಪದಗಳು ಇನ್ನೂ ಯಾವುವಿದ್ದವು? ಬಿಡುವಾದಾಗ ಬರೆದು ತಿಳಿಸು.

ಇಂತಿ ನಿನ್ನ,
ಅಪ್ಪ