ವಿಷಯ: ಬಿ ಬ್ಲಾಕ್ ಲಿಫ್ಟ್, ಮತ್ತು ನಿಮ್ಮವರು ಬರೆದ 'ಪ್ಯಾಸೆಂಜರ್ ತಪ್ಪು'

ಸರ್ವೀಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಇದು ನಾಲ್ಕನೇ ದೂರು. ಮೊದಲ ಮೂರನ್ನು ಫೋನಲ್ಲಿ ಹೇಳಿದ್ದೆ. ಪ್ರತಿ ಸಲ ಮೊಬೈಲಿಗೆ ಕಂಪ್ಲೇಂಟ್ ನಂಬರ್ ಬಂತು, ಜನ ಬರಲಿಲ್ಲ. ಸಮಾಧಾನವಾಗಿ ಬರೆಯಿರಿ ಅಂತ ಹೆಂಡತಿ ಹೇಳಿದ್ದಾಳೆ, ನೋಡೋಣ.

ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟ್ 14 ಮಹಡಿಯದ್ದು, ನಾವಿರುವುದು 11ರಲ್ಲಿ. ಎರಡು ತಿಂಗಳಿಂದ ಬಿ ಬ್ಲಾಕ್ ಲಿಫ್ಟ್ ಮಹಡಿಗೆ ಸಮನಾಗಿ ನಿಲ್ಲುತ್ತಿಲ್ಲ. ಒಮ್ಮೆ ಗೇಣು ಕೆಳಗೆ, ಒಮ್ಮೆ ನಾಲ್ಕು ಬೆರಳು ಮೇಲೆ. ಬ್ರೇಕ್ ಸವೆದರೂ ಹೀಗಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾ?

ಈ ಮಂಗಳವಾರ ಸಂಜೆ 6.20ಕ್ಕೆ ಕರೆಂಟ್ ಹೋಯಿತು. 71 ವರ್ಷದ ನಮ್ಮಮ್ಮ ಸೊಪ್ಪಿನ ಚೀಲ ಹಿಡಿದುಕೊಂಡು 7 ಮತ್ತು 8ನೇ ಮಹಡಿ ನಡುವೆ ಸಿಕ್ಕಿಕೊಂಡರು. ಕರೆಂಟ್ ಹೋದರೆ ಲಿಫ್ಟ್ ಬ್ಯಾಟರಿ ಮೇಲೆ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆಗೆಯಬೇಕು ಅಲ್ವಾ, ಎಆರ್‌ಡಿ ಅಂತ ಅದನ್ನು ಮಾರಿದ್ದು ನೀವೇ, ಅದರ ಬ್ಯಾಟರಿ ಬದಲಿಸಿದ್ದೇವೆ ಅಂತ ಯುಗಾದಿ ಹೊತ್ತಿಗೆ ಬಿಲ್ ಕಳಿಸಿದ್ದೂ ನೀವೇ. ಬ್ಯಾಟರಿ ಎಲ್ಲಿದೆಯೋ ಗೊತ್ತಿಲ್ಲ, ಬಿಲ್ ನನ್ನ ಹತ್ತಿರ ಇದೆ. ಇಂಟರ್‌ಕಾಮ್ ಕೂಡ ಸತ್ತಿತ್ತು.

8ನೇ ಮಹಡಿಯಲ್ಲಿ ನಿಂತು ನಿಮ್ಮ '24 ಗಂಟೆ ತುರ್ತು ಸಹಾಯ'ಕ್ಕೆ ಫೋನ್ ಮಾಡಿದೆ.

"ಲಿಫ್ಟ್ ಐಡಿ ಹೇಳಿ ಸರ್."

ಅಪಾರ್ಟ್‌ಮೆಂಟ್ ಹೆಸರು ಹೇಳಿದೆ, ಬ್ಲಾಕ್ ಹೇಳಿದೆ.

"ಐಡಿ ಇಲ್ಲದೆ ಕಂಪ್ಲೇಂಟ್ ತಗೊಳ್ಳೋಕೆ ಆಗಲ್ಲ ಸರ್. ಲಿಫ್ಟ್ ಒಳಗೆ ಬರೆದಿರುತ್ತೆ, ನೋಡಿ."

"ಒಳಗೆ ನಮ್ಮಮ್ಮ ಇದ್ದಾರೆ, ನಾನು ಹೊರಗಿದ್ದೀನಿ."

"ಹಾಗಾದ್ರೆ ಅವರನ್ನೇ ಕೇಳಿ ಸರ್."

ಕೇಳಿದೆ ಸ್ವಾಮಿ. ಬಾಗಿಲ ಸಂದಿಗೆ ಬಾಯಿ ಇಟ್ಟು ಕೂಗಿದೆ. ಅಮ್ಮ ಕನ್ನಡಕ ತಂದಿರಲಿಲ್ಲ. ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು, ನಾನು ಅದನ್ನೇ ಜೋರಾಗಿ ಫೋನಿಗೆ ಹೇಳಿದೆ, ಸುತ್ತ ಸೇರಿದ್ದ ಹತ್ತು ಜನ ಹೌಸಿ ಆಡಿಸುವವನನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದರು. "ಒಂಬತ್ತು ಅಂಕಿ ಇರಬೇಕು ಸರ್, ನೀವು ಎಂಟೇ ಹೇಳಿದ್ರಿ." ಮತ್ತೆ ಮೊದಲಿಂದ. ಆರೋ ಎಂಟೋ ಅಂತ ಅಮ್ಮನಿಗೆ ಅನುಮಾನ, ಮತ್ತೆ ಮೊದಲಿಂದ. ಕೊನೆಗೂ ಒಂಬತ್ತು ಸೇರಿದ ಮೇಲೆ ಆ ಹುಡುಗ ಕೇಳಿದ ಪ್ರಶ್ನೆ: "ಸರ್, ಲಿಫ್ಟ್ ಈಗ ವರ್ಕ್ ಆಗ್ತಿದೆಯಾ?"

ಇಷ್ಟರಲ್ಲಿ ನಮ್ಮ ವಾಚ್‌ಮನ್ ಕಬ್ಬಿಣದ ರಾಡ್ ತಂದು ಬಾಗಿಲು ಮೀಟಲು ಹೊರಟಿದ್ದ, ತಡೆದೆ. ಅರ್ಧದಲ್ಲಿ ನಿಂತ ಲಿಫ್ಟಿನಿಂದ ಇಳಿಯುವಾಗ ಕಾಲು ಜಾರಿದರೆ ಕೆಳಗಿನ ಸಂದಿಯಲ್ಲಿ ನೇರ ಲಿಫ್ಟ್ ಓಡುವ ಗುಂಡಿಯೊಳಗೇ ಬೀಳುವುದು. ಆದರೆ 50 ನಿಮಿಷ ಯಾರೂ ಬರದಿದ್ದರೆ ಜನ ರಾಡ್ ತರುತ್ತಾರೆ.

50 ನಿಮಿಷದ ಮೇಲೆ ನಿಮ್ಮ ಟೆಕ್ನಿಷಿಯನ್ ಬಂದು ಬಾಗಿಲು ತೆಗೆದರು. "ಹೆದರಬೇಡಿ ಅಜ್ಜಿ, ಹಗ್ಗ ಕಡಿಯಲ್ಲ" ಅಂದರು. ಗೊತ್ತು. ಹಗ್ಗ ಕಡಿದರೂ ಲಿಫ್ಟ್ ಬೀಳುವುದಿಲ್ಲ ಅಂತ ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನಲ್ಲಿ ತಾನೇ ಮೇಲೆ ನಿಂತು, ಹಗ್ಗ ಕಡಿಸಿ ತೋರಿಸಿದ್ದ (ಅವನ ಹೆಸರಿನ ಕಂಪನಿ ನಿಮ್ಮದಲ್ಲ ಬಿಡಿ). ನಮ್ಮ ಭಯ ಹಗ್ಗದ್ದಲ್ಲ. ಸವೆದ ಬ್ರೇಕು, ಸತ್ತ ಬ್ಯಾಟರಿ, ನೋಡದೆಯೇ ಟಿಕ್ ಹಾಕಿದ ಸರ್ವೀಸ್ ಶೀಟು, ಇವುಗಳದ್ದು. ಆಮೇಲೆ ಅವರು ನಮ್ಮ ಲಾಗ್‌ಬುಕ್ಕಿನಲ್ಲಿ ಬರೆದದ್ದು: 'ಪ್ಯಾಸೆಂಜರ್ ತಪ್ಪು. ಬಟನ್ ಪದೇ ಪದೇ ಒತ್ತಿದ್ದಾರೆ.' ಕತ್ತಲಲ್ಲಿ ಸಿಕ್ಕಿಕೊಂಡವರು ಬಟನ್ ಒತ್ತದೆ ಏನು, ಭಜನೆ ಮಾಡಬೇಕಿತ್ತಾ?

ಅಮ್ಮ ಅದನ್ನು ಓದಿದರು. ಅಂದಿನಿಂದ ಮೆಟ್ಟಿಲು ಹತ್ತುತ್ತಾರೆ, ಮೂರು ಮಹಡಿಗೊಮ್ಮೆ ಕೂತು. "ನಾನೇ ಏನೋ ಕೆಡಿಸಿದೆ ಅನ್ಸುತ್ತೆ ಕಣೋ" ಅನ್ನುತ್ತಾರೆ. ಮೊನ್ನೆ ಮೆಟ್ರೋದಲ್ಲಿ ಎಸ್ಕಲೇಟರ್ ಮುಂದೆ ನಿಂತುಬಿಟ್ಟರು, ಹಿಂದಿನವರು ಬೈದರು. ಮನೆಗೆಲಸದ ಲಕ್ಷ್ಮಮ್ಮನವರೂ ಈಗ ಲಿಫ್ಟ್ ಹತ್ತುತ್ತಿಲ್ಲ.

ಆ ಸಾಲನ್ನು ಹೊಡೆದುಹಾಕಿ, ನಿಜವಾದ ಕಾರಣ ಬರೆದು ಸಹಿ ಮಾಡಬೇಕು. ಬ್ರೇಕ್, ಬ್ಯಾಟರಿ, ಇಂಟರ್‌ಕಾಮ್ ಮೂರನ್ನೂ ನಮ್ಮ ಮುಂದೆಯೇ ಪರೀಕ್ಷೆ ಮಾಡಿ ತೋರಿಸಬೇಕು. ಏಳು ದಿನ ಕಾಯುತ್ತೇನೆ. ನಮ್ಮ ರಾಜ್ಯದಲ್ಲಿ ಲಿಫ್ಟಿಗೂ ಎಸ್ಕಲೇಟರಿಗೂ 2012ರ ಕಾಯ್ದೆ ಇದೆ, ನಿಮಗೆ ಬಾಯಿಪಾಠವೇ ಇರಬೇಕು. ಎಂಟನೇ ದಿನ ಬಿಲ್, ಲಾಗ್‌ಬುಕ್ ಫೋಟೋ, ಕಾಲ್ ರೆಕಾರ್ಡಿಂಗ್ ಎಲ್ಲವೂ ಲಿಫ್ಟ್ ತಪಾಸಣೆ ಮಾಡುವ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗುತ್ತವೆ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡುತ್ತೇನೆ, ಅವರು ಐಡಿ ಕೇಳಲಾರರು ಅಂದುಕೊಂಡಿದ್ದೇನೆ. ಮುಂದಿನ ತಿಂಗಳು ನಿಮ್ಮ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಗುತ್ತಿಗೆ, ಮುಗಿಯುತ್ತದೆ, ಮೀಟಿಂಗಿನಲ್ಲಿ ಮೊದಲು ಕೈ ಎತ್ತುವವನು ನಾನೇ.

ಅಲ್ಲಿಯವರೆಗೆ ಈ ಪತ್ರದ ಪ್ರತಿಯನ್ನು ಲಿಫ್ಟ್ ಒಳಗೆ, ನಿಮ್ಮ ಸ್ಟಿಕರ್ ಪಕ್ಕದಲ್ಲೇ ಅಂಟಿಸುತ್ತೇನೆ. ದೊಡ್ಡ ಅಕ್ಷರದಲ್ಲಿ, ಕನ್ನಡಕ ಇಲ್ಲದವರಿಗೂ ಕಾಣುವ ಹಾಗೆ. ಸಿಕ್ಕಿಕೊಂಡವರಿಗೆ ಓದಲು 50 ನಿಮಿಷ ಇರುತ್ತದಲ್ಲ.

ಇಂತಿ,
ಬಿ ಬ್ಲಾಕ್, 11ನೇ ಮಹಡಿಯ ನಿವಾಸಿ