ಗಾಡಿ ತಗೊಂಡ ಬಾ, ಆದ್ರ ಸಣ್ಣದು

ದೋಸ್ತ,

ಗೊಟಗೋಡಿ ಉತ್ಸವ ರಾಕ್ ಗಾರ್ಡನ್ ನೋಡಾಕ ಮಗನ ಸ್ಟ್ರಾಲರ್, ಅಂದ್ರ ಕೂಸು ಕುಂದರಿಸಿ ದಬ್ಬೂ ಗಾಡಿ, ತರಲೋ ಬ್ಯಾಡೋ ಅಂತ ಕೇಳೀದಿ. ಮೊದಲ ಅದಕ್ಕ ಉತ್ತರ ಹೇಳಿಬಿಡ್ತೀನಿ, ಹರಟಿ ಆಮ್ಯಾಲೆ. ಡಿಸೆಂಬರ್ ರಜಾಕ್ಕ ಬರೂ ಮುಂದ ಮಗನ ಸ್ಟ್ರಾಲರ್ ತಗೊಂಡ ಬಾ. ಆದ್ರ ನಿಮ್ಮಕ್ಕ ಫ್ಲೋರಿಡಾದಿಂದ ಕಳಿಸ್ಯಾಳಲ್ಲ, ಆ ದೊಡ್ಡ ರಥ ಬ್ಯಾಡ. ಅದು ಬೆಂಗಳೂರಾಗ ನಿಮ್ಮ ಅಪಾರ್ಟ್‌ಮೆಂಟಿನ ಟೈಲ್ಸ್ ಮ್ಯಾಲೆ ಅಡ್ಡಾಡಕೊಂತ ಇರಲಿ. ಮಡಚಿದ್ರ ಕೊಡಿಯಷ್ಟ ಆಗೂವಂಥಾ ಹಗರ ಗಾಡಿ ಒಂದು ಹುಡುಕು.

"ಡಿಸ್ನಿ ಪಾರ್ಕ್ ಸುತ್ತಿ ಬಂದ ಗಾಡಿಗೆ ಗೊಟಗೋಡಿ ಯಾವ ಲೆಕ್ಕ" ಅಂತ ಕೇಳೀದಿ. ಲೆಕ್ಕ ಐತಪ್ಪಾ. ಅಲ್ಲಿ ಪಾರ್ಕು ಕಟ್ಟೂ ಮುಂದನ ಗಾಡಿ ಬರತಾವು ಅಂತ ತಿಳದು ಕಟ್ಟ್ಯಾರ. ನುಣ್ಣನ ದಾರಿ, ಆಟದ ಬಾಜೂಕ ಗಾಡಿ ನಿಲ್ಲಸೂ ಜಾಗ, ಬಾಡಿಗಿ ಗಾಡಿ ಸೈತ ಸಿಗತಾವು. ಅಂಥವ್ರೂ 2019ರ ಮೇ 1ರಿಂದ ಅಗಲ 31 ಇಂಚು, ಉದ್ದ 52 ಇಂಚು ದಾಟಿದ ಸ್ಟ್ರಾಲರ್ ಒಳಗ ಬಿಡೂದಿಲ್ಲ ಅಂತ ನಿಯಮ ಮಾಡಿದ್ರು. ಗದ್ದಲದಾಗ ಮಂದಿಗೆ ದಾರಿ ಬೇಕಲ್ಲ. ನಮ್ಮ ಕಡೆ ಇಂಚುಪಟ್ಟಿ ಹಿಡಕೊಂಡು ಯಾರೂ ನಿಂದರೂದಿಲ್ಲ. ನಮ್ಮ ನಿಯಮ ಮಾಡೂದು ಆಟೋದ ಹಿಂದಿನ ಸಂದಿ, ಆರು ಮಂದಿ ಸಾಮಾನು ತುಂಬಿದ ಕಾರಿನ ಡಿಕ್ಕಿ, ಮತ್ತ ಎಲ್ಲೆರ ಮೆಟ್ಟಲ ಬಂತಂದ್ರ ಗಾಡಿ ಎತ್ತೂ ನಿನ್ನ ರಟ್ಟಿ.

ನಿನ್ನ ಹೆಂಡ್ತಿ ಉತ್ಸವ ರಾಕ್ ಗಾರ್ಡನ್ ನೋಡಿಲ್ಲ ಅಂದಿ, ಹಂಗಾಗಿ ಆಕಿಗೆ ಓದಿ ಹೇಳು. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೆದ್ದಾರಿ ಹಿಡದ್ರ ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಬರತೈತಿ. ಜಾನಪದ ವಿಶ್ವವಿದ್ಯಾಲಯ ಐತಲ್ಲ, ಅದ ಊರು. ಕಲಾವಿದ ಟಿ. ಬಿ. ಸೊಲಬಕ್ಕನವರ ಅವ್ರು ಕಂಡ ಕನಸು ಈ ಗಾರ್ಡನ್. ನಮ್ಮ ಉತ್ತರ ಕರ್ನಾಟಕದ ಹಳ್ಳಿನ ಆಳೆತ್ತರದ ಮೂರ್ತಿಯೊಳಗ ನಿಲ್ಲಿಸ್ಯಾರ. ಎತ್ತು, ಆಕಳ, ರೈತರು, ಕಸುಬಿನ ಮಂದಿ, ಕಟ್ಟಿ ಮ್ಯಾಲೆ ಕುಂತ ಹಿರಿಯಾರು. ರಾಜಕುಮಾರ್ ಅವರ ಸಿನಿಮಾ ಪಾತ್ರಗಳ ಸರ್ಕಲ್ಲೂ ಐತಿ. ಅಲ್ಲಿ ನಮ್ಮವ್ವ ಎಷ್ಟ ಹೊತ್ತು ನಿಂತ್ಲು ಅಂತ ಕೇಳಬ್ಯಾಡ. ತಿರಗೂ ತೊಟ್ಲ, ಕಿರಚೂ ರೈಲು ಬೇಕಂದ್ರ ಬ್ಯಾರೆ ಕಡೆ ಹೋಗಬೇಕು. ಆದ್ರ ಒಂದೂವರಿ ವರ್ಷದ ನಿನ್ನ ಮಗಗ ಅವ್ಯಾವೂ ಈಗ ಉಪಯೋಗಿಲ್ಲ ಬಿಡು. ಅಂವಗ ಎತ್ತು ಸಾಕು.

ಗಾಡ್ಯಾಗ ಕುಂತ ಕೂಸಿನ ಕಣ್ಣು ನೆಲದಿಂದ ಎಷ್ಟ ಎತ್ತರ ಇರತೈತಿ, ಯಾವಾಗರ ನೋಡೀದೇನು? ನಮ್ಮ ಸೊಂಟಕಿಂತ ಕೆಳಗ. ನಾವು ದೊಡ್ಡವ್ರು ಮೂರ್ತಿ ಮಾರಿ ನೋಡ್ತೀವಿ, ಮೀಸಿ ನೋಡ್ತೀವಿ, ರುಮಾಲ ಹೆಂಗ ಸುತ್ತ್ಯಾರ ಅಂತ ನೋಡ್ತೀವಿ. ನಾವು ಅಲ್ಲಿ ಹೋದಾಗ ನಮ್ಮ ಮಗಳು ಪುಟ್ಟಿಗೆ ಕಂಡದ್ದು ಕಾಲು. ಮೂರ್ತಿಗಳ ಹೆಬ್ಬೆರಳು, ಎತ್ತಿನ ಗೊರಸು, ಸೀರಿ ಅಂಚು. ಒಂದು ಆಕಳ ಕರದ ಮೂರ್ತಿ ಮುಂದ ಗಾಡಿ ನಿಲ್ಲಿಸಿದ್ರ ಇಬ್ಬರ ಮೂಗೂ ಸಮಾ ಬಂದುವು. ಆಕಿ ಕೈಯಾಗಿನ ಬಿಸ್ಕಿಟು ಅದರ ಬಾಯಿಗೆ ಹಿಡದ್ಲು. ಅದು ತಿನ್ನಲಿಲ್ಲ. ಹೊಳ್ಳಿ ತನ್ನ ಬಾಯಿಗೆ ಇಟ್ಟು, ಒಂದು ಚೂರು ಕಡದು, ಮತ್ತ ಹಿಡದ್ಲು. ಹಿಂಗ ಕಡದು ಕಡದು ಬಿಸ್ಕಿಟು ಮುಗೀತು. ನಾ ಎತ್ತಿಕೊಂಡು ತೋರಿಸಿದ್ರ ಈ ಭೇಟಿ ಆಗತಿದ್ದಿಲ್ಲ.

ಮಂದಿ ಏನಂತಾರ ಅನ್ನೂದಕ್ಕೂ ತಯಾರಾಗಿ ಬಾ. ನಮ್ಮವ್ವನ ವಾದ ನಿನಗ ಗೊತ್ತ ಐತಿ: "ಕೂಸಿಗೆ ಸೊಂಟ ಇರಬೇಕು, ಗಾಡಿ ಯಾಕ?" ಆ ದಿನ ಗೇಟ್ ದಾಟಿದ ಕೂಡ್ಲೆ ಪುಟ್ಟಿನ್ನ ಎತ್ತಿ ಸೊಂಟಕ್ಕ ಹಾಕ್ಕೊಂಡ್ಲು, ತನ್ನ ಕೈಚೀಲ ಗಾಡ್ಯಾಗ ಕುಂದರಿಸಿ ಬೆಲ್ಟ್ ಸೈತ ಹಾಕಿದ್ಲು. ನಾ ಚೀಲಾ ದಬ್ಬಿಕೊಂಡು ಹಿಂದ ಹೊಂಟೆ. ಎದುರಿಗೆ ಬಂದ ಒಬ್ಬ ಅಜ್ಜಾರು ನಿಂತು, ಚೀಲಾ ನೋಡಿ, ನನ್ನ ನೋಡಿ, ನಕ್ಕು ಹೋದ್ರು. ಆಮ್ಯಾಲೆ ಪುಟ್ಟಿ ಗಾಡ್ಯಾಗ ಕುಂತಾಗ ಇನ್ನೊಬ್ಬ ಹೆಣ್ಣಮಗಳು ಹತ್ರ ಬಂದು ದನಿ ಇಳಿಸಿ, "ಕೂಸಿನ ಕಾಲಿಗೆ ಏನರ ಆಗೈತೇನ್ರಿ?" ಅಂತ ಕೇಳಿದ್ಲು. ಆಕಿ ಕಕ್ಕುಲಾತಿ ಖರೇನ ಇತ್ತು. "ಇಲ್ರಿ ಅವ್ವಾರ, ದಣದಾಳ ಅಷ್ಟ" ಅಂದೆ. ನಮ್ಮ ಕಡೆ ನಡಿಯೂ ಕೂಸು ಗಾಡ್ಯಾಗ ಕುಂತದ್ದು ಕಂಡ್ರ ಜೀವ ಚುರ್ ಅನ್ನೂ ಮಂದಿ ಇನ್ನೂ ಅದಾರ. ಸಿಟ್ಟಿಗೇಳಬ್ಯಾಡ.

ಈಗ ಗಾಡಿ ಖರೇ ಕೆಲಸ ಹೇಳ್ತೀನಿ. ಮುಂಜಾನಿ ಹೊತ್ತು ಅದರಿಂದ ಅಂಥಾ ಉಪಕಾರ ಏನಿಲ್ಲ. ಕೂಸು ಇಳಿತೇನಿ ಅಂತೈತಿ, ಓಡತೈತಿ, ಇಲ್ಲಾ ಗಾಡಿ ತಾನ ದಬ್ಬತೇನಿ ಅಂತೈತಿ. ಪುಟ್ಟಿ ಖಾಲಿ ಗಾಡಿ ದಬ್ಬಿದ್ರ ಹತ್ತು ಹೆಜ್ಜಿ ಮುಂದ, ನಾಲ್ಕು ಹೆಜ್ಜಿ ಬಾಜೂಕ, ಒಮ್ಮೆ ಗಿಡಕ್ಕ, ಒಮ್ಮೆ ಯಾರದರ ಹಿಮ್ಮಡಕ್ಕ. ದಬ್ಬಲಿ, ಆ ದಣಿವ ನಮಗ ಬೇಕಾಗಿರೂದು. ಮಧ್ಯಾಹ್ನ ಒಂದರ ಸುಮಾರಿಗೆ ಬುತ್ತಿ ಬಿಚ್ಚಿ, ದೊಡ್ಡವ್ರು ರೊಟ್ಟಿ ಶೇಂಗಾ ಚಟ್ನಿ ಮುಗಿಸೂದರಾಗ, ಮೊಸರನ್ನ ಉಂಡ ಕೂಸು ಕಣ್ಣು ತಿಕ್ಕಾಕ ಹತ್ತತೈತಿ. ಗಾಡಿ ಇಲ್ಲದ ಮನಿ ಮಂದಿ ಆವಾಗ ಏನ ಮಾಡ್ತಾರ ನೋಡೀದಿ: ಅಪ್ಪನ ಹೆಗಲ ಮ್ಯಾಲೆ ಅರ್ಧ ತಾಸು, ಅವ್ವನ ತೊಡಿ ಮ್ಯಾಲೆ ಅರ್ಧ ತಾಸು, ಆಮ್ಯಾಲೆ "ನಡೀರಿ ಮನಿಗೆ". ಅಲ್ಲಿಗೆ ದಿನಾ ಮುಗೀತು. ನಾವು ಬೆನ್ನಿನ ಹಲಗಿ ಹಿಂದಕ್ಕ ಬಾಗಿಸಿ, ಗಿಡದ ನೆರಳಾಗ ನಿಲ್ಲಿಸಿ, ಬ್ರೇಕ್ ಹಾಕಿ, ಬಾಜೂಕ ಒಬ್ಬರು ಕುಂತ್ವಿ. ಉಳದವ್ರು ಅಡ್ಡಾಡಿ ಬಂದ್ರು. ಪಾಳಿ ಬದಲಾತು. ನನ್ನ ಹೆಂಡ್ತಿ ಮದುವಿ ಆದ ಮ್ಯಾಲೆ ಮೊದಲ ಸಲ ಒಂದು ಜಾಗಾ ಒಬ್ಬಾಕೆ ಸಾವಕಾಶ ನೋಡೇನಿ ಅಂದ್ಲು. ನಾ ಏನೂ ಮಾತಾಡಲಿಲ್ಲ.

ಅದಕ್ಕ ಗಾಡಿ ಆರಿಸೂ ಮುಂದ ಬೆನ್ನಿನ ಹಲಗಿ ಬಾಗತೈತೋ ಇಲ್ಲೋ ಮೊದಲ ನೋಡು. ನೆಟ್ಟಗ ಕುಂದರೂ ಗಾಡ್ಯಾಗ ನಿದ್ದಿ ಹತ್ತಿದ ಕೂಸಿನ ಕುತ್ತಿಗಿ ಮುಂದಕ್ಕ ಜೋಲಿ ಬೀಳತೈತಿ. ಐದೂ ಕಡೆಯಿಂದ ಬಿಗಿಯೂ ಬೆಲ್ಟ್ ಇರಬೇಕು, ಎರಡು ಭುಜ, ಎರಡು ಸೊಂಟ, ಕಾಲ ನಡಕ ಒಂದು. ಸೊಂಟದ್ದೊಂದ ಹಾಕಿದ್ರ ಜಾರಿ ಕೆಳಗ ಇಳೀತಾವು. ಇವು ಇದ್ರ ಕಪ್ ಇಡೂ ತೂತು, ಮೊಬೈಲ್ ಸ್ಟ್ಯಾಂಡು ಇಲ್ಲದಿದ್ರೂ ನಡೀತೈತಿ.

ಬಿಸಲು ಬಂತಂತ ಗಾಡಿ ಮ್ಯಾಲೆ ಶಾಲು, ದುಪಟ್ಟಾ ಪೂರಾ ಹೊಚ್ಚಿ ಮುಚ್ಚಬ್ಯಾಡ. ನೆರಳಾತು ಅಂತ ನಮಗ ಅನಸ್ತೈತಿ, ಒಳಗ ಗಾಳಿ ನಿಂತು ಸೆಕಿ ಏರತೈತಿ, ಕೂಸಿನ ಮಾರಿನೂ ಕಾಣೂದಿಲ್ಲ. ಡಿಸೆಂಬರ್ ಅಂದ್ರೂ ನಮ್ಮ ಕಡೆ ಮಧ್ಯಾಹ್ನದ ಬಿಸಲು ನಿನಗ ಗೊತ್ತಲ್ಲ. ಗಾಡೀನ ನೆರಳಿಗೆ ಒಯ್ಯಿ, ನೆರಳು ಸರದ್ರ ಗಾಡಿನೂ ಸರಸು.

ಇನ್ನೊಂದು, ಹಿಡಿಕಿಗೆ ಚೀಲಾ ತೂಗ ಹಾಕೂ ಚಟ. ಎಲ್ಲಾರೂ ಹಾಕ್ತಾರ. ಹಗರ ಗಾಡಿ ನಿಂತಿರೂದ ಕೂಸಿನ ಭಾರದ ಮ್ಯಾಲೆ. ಹಿಂದ ನೀರಿನ ಬಾಟ್ಲಿ, ಬುತ್ತಿ ಚೀಲಾ ತೂಗಿಬಿಟ್ಟು, ಮುಂದಿಂದ ಕೂಸನ್ನ ಎತ್ತಿದ್ರ ಗಾಡಿ ಅಂಗಾತ ಬೀಳತೈತಿ. ನಮ್ಮ ಮುಂದಿನ ಕುಟುಂಬದ್ದು ಹಂಗ ಬಿತ್ತು. ಕೂಸು ಅಪ್ಪನ ಕೈಯಾಗಿತ್ತು, ಪುಣ್ಯೇಕ. ಆದ್ರ ಡಬ್ಬಿ ಮುಚ್ಚಳ ಹಾರಿ ಬದನಿಕಾಯಿ ಎಣ್ಣಿಗಾಯಿ ಅಷ್ಟೂ ನೆಲದ ಪಾಲು. ಆ ಅಪ್ಪನ ಮಾರಿ ನೋಡೂ ಹಂಗಿದ್ದಿಲ್ಲ. ಭಾರದ ಸಾಮಾನು ಸೀಟಿನ ಕೆಳಗಿನ ಬುಟ್ಟಿಗೆ ಹಾಕು. ಕೂಸು ಒಳಗ ಇದ್ದಾಗ ಸೈತ ತೂಗ ಹಾಕಬ್ಯಾಡ, ಏರು ದಾರಿ ಸಿಕ್ರ ಮುಂದಿನ ಗಾಲಿ ಎದ್ದುಬಿಡತಾವು.

ಸಣ್ಣ ಗಾಡಿ ಅಂದ್ರ ಸಣ್ಣ ಗಾಲಿ. ಕಲ್ಲು ಹರಳು ಇದ್ದಲ್ಲಿ ಮುಂದಿನ ಗಾಲಿ ಗರಗರ ತಿರಗಿ ಅಡ್ಡ ನಿಂದರತಾವು. ಅವನ್ನ ನೆಟ್ಟಗ ಲಾಕ್ ಮಾಡೂ ಕೀಲಿ ಗಾಲಿ ಹತ್ರಾನ ಇರತೈತಿ, ಕಾಲಿಲೆ ಒತ್ತಿದ್ರಾತು. ಅದಕ್ಕೂ ಜಗ್ಗಲಿಲ್ಲಂದ್ರ ಗಾಡಿ ತಿರಗಿಸಿ ಹಿಂದಕ್ಕ ಎಳಕೊಂಡು ನಡಿ, ದೊಡ್ಡ ಭಾರ ಹಿಂದಿನ ಗಾಲಿ ಮ್ಯಾಲೆ ಬರತೈತಿ. ಮೆಟ್ಟಲಾ ಬಂದಲ್ಲಿ ಮಾತ್ರ ಕೂಸನ್ನ ಇಳಿಸು, ಇಬ್ಬರು ಎರಡೂ ಕಡೆ ಹಿಡಕೊಂಡು ಪಲ್ಲಕ್ಕಿ ಸೇವಾ ಮಾಡಬ್ಯಾಡ್ರಿ. ಮಳಿ ಬಿದ್ದ ಮರುದಿನ ಎರಿ ಮಣ್ಣಿನ ಹೊಲಕ್ಕ ಅಂತೂ ಒಯ್ಯಲೇಬ್ಯಾಡ. ಕುಂದಗೋಳದ ನಮ್ಮ ಸ್ವಾದರಮಾವನ ಹೊಲದಾಗ ಒಮ್ಮೆ ಇಳಿಸಿದ್ವಿ, ನಾಲ್ಕೂ ಗಾಲಿ ಎಲ್ಲಿ ಅದಾವ ಅಂತ ಹುಡುಕೂ ಹಂಗ ಮೆತ್ತಿತ್ತು.

ಆ ಗಾಲಿ ತೊಳದು ಎಣ್ಣಿ ಬಿಟ್ಟಾವ್ರು ನಮ್ಮ ಮಾವನವ್ರು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ ಫಿಟ್ಟರ್ ಆಗಿ ರಿಟೈರ್ ಆದವ್ರಲ್ಲ, ಕೂಸಿನಕಿಂತ ಗಾಡಿ ಮ್ಯಾಲೆ ಜೀವ ಜಾಸ್ತಿ. ಜಗಲಿ ಮ್ಯಾಲೆ ಕುಂತು ಹತ್ತು ಸಲ ಮಡಚಿದ್ರು, ಬಿಚ್ಚಿದ್ರು. "ಇದು ಹುಡುಗೂರ ಸಾಮಾನು ಮಾಡಾಂವನ ಕೈ ಅಲ್ಲಪಾ, ಮಷೀನ್ ತಿಳದಾಂವನ ಕೈ" ಅಂದ್ರು. ಖರೇನ ಹೌದು. ಹಿಂಗ ಕೊಡಿ ಹಂಗ ಮಡಚೂ ಗಾಡಿ ಮಾಡಿದಾಂವ ಓವೆನ್ ಮ್ಯಾಕ್ಲಾರೆನ್ ಅಂತ ಬ್ರಿಟನ್ನಿನ ಎಂಜಿನಿಯರ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚೂ ಗಾಲಿಕಾಲಿನ ಕೆಲಸ ಮಾಡಿದಾಂವ. ಮಗಳು ಭಾರದ ಪ್ರಾಮ್ ಹೊತ್ತು ವಿಮಾನ ಹತ್ತೂ ಗೋಳು ಹೇಳಿಕೊಂಡ್ಲಂತ. ಅಪ್ಪ 1965ರಾಗ ಅಲ್ಯುಮಿನಿಯಂ ಕೊಳವಿ ತಗೊಂಡು ಮೂರು ಕಿಲೋದಾಗ ಬರೂ ಗಾಡಿ ರೂಪಿಸಿದ. ಇದನ್ನ ಓದಿ ಹೇಳಿದ ದಿನದಿಂದ ಮಾವನವ್ರು ಬಂದವ್ರಿಗೆಲ್ಲಾ ಗಾಡಿ ತೋರಿಸಿ "ವಿಮಾನದ ಟೆಕ್ನಿಕ್" ಅಂತಾರ. ನೀ ಬಂದಾಗ ನಿನಗೂ ತಪ್ಪಿದ್ದಲ್ಲ.

ಹೊಳ್ಳಿ ಹೋಗೂ ಮುಂದ ಬಿಡದಿ ವಂಡರ್‌ಲಾ ಆಟದ ಪಾರ್ಕಿಗೂ ಹೋಗೋಣೇನು ಅಂತ ಬರದೀದಿ. ನನ್ನ ಕೇಳಿದ್ರ ಎರಡು ವರ್ಷ ತಡಿ. ಅಲ್ಲಿ ಟಿಕೆಟ್ಟೂ ಆಟಾನೂ ವಯಸ್ಸಿನ ಮ್ಯಾಲಲ್ಲ, ಎತ್ತರದ ಮ್ಯಾಲೆ. ನಿನ್ನ ಮಗನಂಥಾ ಸಣ್ಣವ್ರಿಗೆ ಹತ್ತಾಕ ಬರೂ ಆಟ ಬೆರಳ ಮ್ಯಾಲೆ ಎಣಿಸೂವಷ್ಟ. ಹೋದಿ ಅಂದ್ರ, ಪಾಳಿ ಹಚ್ಚಾಕ ಹೋಗೂ ಮುಂದ ಗಾಡ್ಯಾಗ ಪಾಕೀಟು, ಫೋನು ಬಿಡಬ್ಯಾಡ, ಡೈಪರ್ ಯಾರೂ ಕದಿಯೂದಿಲ್ಲ.

ಊರಾಗ ಗಾಡಿ ಎಲ್ಲಿ ನಡೀತೈತಿ ಅಂದ್ರ ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿನಾಗ. ಸ್ಟೇಷನ್ನಿನ ಕಟ್ಟಿನೂ ಬಸ್ಸಿನ ನೆಲಾನೂ ಸಮಾ, ಮೆಟ್ಟಲಿಲ್ಲ, ಸೀದಾ ಒಳಗ ದಬ್ಬೂದು. ಧಾರವಾಡಕ್ಕ ಹೋಗಿ ಸಾಧನಕೇರಿ ದಂಡಿಗೆ ಅಡ್ಡಾಡಿ, ಪೇಡೆ ತಗೊಂಡು ಬರೋಣು. ಬ್ಯಾರೆ ಬಸ್ಸಿಗೆ ಹತ್ತೂದಾದ್ರ ಬಸ್ ಬರೂಕಿಂತ ಮೊದಲ ಮಡಚಿ ಇಟ್ಕೋಬೇಕು, ಕಂಡಕ್ಟರ್ ಸೀಟಿ ಹೊಡದ ಮ್ಯಾಲೆ ಕೀಲಿ ಹುಡುಕಿದ್ರ ಆಗೂದಿಲ್ಲ. ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನಾಗ ನಿನ್ನ ರೈಲು ಎಂಟನೇ ಪ್ಲಾಟ್‌ಫಾರ್ಮಿಗೆ ಬಂತಂದ್ರ ಗಾಡಿ ಅಲ್ಲೇ ಬಿಚ್ಚು. ಜಗತ್ತಿನಾಗನ ಉದ್ದಂದು, 1,507 ಮೀಟರ್. ಒಂದೂವರಿ ಕಿಲೋಮೀಟರ್ ಕೂಸು ಎತ್ತಿಕೊಂಡು ನಡದಿ ಅಂದ್ರ ಮರುದಿನ ಗೊಟಗೋಡಿಗೆ ನಿನ್ನನ್ನ ಗಾಡ್ಯಾಗ ಹಾಕ್ಕೊಂಡು ಹೋಗಬೇಕು.

ರವಿವಾರ ಬ್ಯಾಡ, ಡಿಸೆಂಬರ್‌ನಾಗ ಶಾಲಿ ಪ್ರವಾಸದ ಬಸ್ಸು ಬ್ಯಾರೆ ಇರತಾವು. ನಡು ವಾರದಾಗ ಒಂದು ದಿನ ನೋಡಿ ಮುಂಜಾನಿ ಲಗೂನ ಹೊರಡೋಣು. ಟಿಕೆಟ್ ಆದ ಕೂಡ್ಲೆ ಕೋಚ್ ನಂಬರ್ ಕಳಿಸು. ಅವ್ವಗ ಈ ಪತ್ರ ಓದಿ ಹೇಳಿದೆ. "ಗಾಡಿ ಗೀಡಿ ಏನರ ತರಲಿ, ಕೂಸಿಗೆ ಕುಂಚಿಗಿ ತರಾಕ ಹೇಳು, ಮುಂಜಾನಿ ಥಂಡಿ ಐತಿ" ಅಂದ್ಲು.

ನಿನ್ನ
ಹುಬ್ಬಳ್ಳಿ ದೋಸ್ತ