ವೀಕ್ನೆಸ್ ಬರೆಯೋ ಮುಂಚೆ ಅದರ ಕಾರಣ ಹುಡುಕು

ಪ್ರೀತಿಯ ನಿಖಿಲ,

ನೀನು ಕಳಿಸಿದ ಐಸ್ ಹಾಕಿ ಸ್ಕೌಟಿಂಗ್ ರಿಪೋರ್ಟ್, ಅಂದ್ರೆ ಟೀಮುಗಳಿಗೋಸ್ಕರ ಹೊಸ ಹುಡುಗರನ್ನ ನೋಡಿ ಬರೆಯೋದು, ಎರಡು ಸಲ ಓದಿದೆ ಕಣೋ. ಆ 17 ವರ್ಷದ ಸೆಂಟರ್ (ಮುಂದಿನ ಸಾಲಿನ ನಡುವೆ ಆಡೋ) ಹುಡುಗನ ಸ್ಟ್ರೆಂತ್ ಬಗ್ಗೆ ಬರ್ದಿರೋದು ಚೆನ್ನಾಗಿದೆ, ಕೈ ಚುರುಕು, ಪಾಸ್ ಕೊಟ್ರೆ ನೇರ ಇನ್ನೊಬ್ಬನ ಸ್ಟಿಕ್ಕಿಗೇ ಹೋಗತ್ತೆ, ಎಲ್ಲಾ ಸರಿ. ಆದ್ರೆ ವೀಕ್ನೆಸ್ ಅನ್ನೋ ಕಡೆ "ಸ್ಕೇಟಿಂಗ್ ಸುಮಾರು, ಸೈಜ್ ಇಲ್ಲ, ಮೈ ಬಗ್ಗಿಸಿ ಆಡಲ್ಲ" ಅಂತ ಮೂರೇ ಮಾತಲ್ಲಿ ಮುಗಿಸಿಬಿಟ್ಟಿದೀಯಲ್ಲ, ಅದು ನನಗೆ ಸಮಾಧಾನ ಆಗ್ಲಿಲ್ಲ. ಆ ಮೂರು ಮಾತು ನೋಡ್ಕೊಂಡೇ ಒಂದು ಟೀಮು ಅವನ ಹೆಸರನ್ನ ಲಿಸ್ಟಿಂದ ಹೊಡೆದು ಹಾಕಬಹುದು. ವೀಕ್ನೆಸ್ ಬರೀಬೇಡ ಅಂತಲ್ಲ, ಧಾರಾಳವಾಗಿ ಬರಿ, ಆದ್ರೆ ಅದು ಯಾಕಿದೆ, ಸರಿಹೋಗೋ ಥರದ್ದಾ ಅಲ್ವಾ, ಅದನ್ನೂ ಬರಿ.

ಸ್ಕೇಟಿಂಗನ್ನೇ ತಗೋ. ಸುಮಾರು ಅಂದ್ರೆ ಏನಪ್ಪಾ? ನಿಂತ ಜಾಗದಿಂದ ಮೊದಲ ಮೂರು ಹೆಜ್ಜೆ ನಿಧಾನಾನಾ, ವೇಗ ಹಿಡಿದ ಮೇಲೂ ನಿಧಾನಾನಾ, ತಿರುಗೋವಾಗ ಬ್ಲೇಡಿನ ಎಡ್ಜ್ ಮೇಲೆ ನಿಲ್ಲಕ್ಕಾಗಲ್ವಾ, ಇಲ್ಲಾ ಹಿಂದಕ್ಕೆ ಸ್ಕೇಟ್ ಮಾಡೋವಾಗ ತಡವರಿಸ್ತಾನಾ, ಇವೆಲ್ಲ ಬೇರೆ ಬೇರೆ ವಿಷಯ. ಮೊಣಕಾಲು ಸರಿಯಾಗಿ ಬಗ್ಗಿಸದೆ ನೆಟ್ಟಗೆ ನಿಂತು ಓಡ್ತಿದ್ರೆ ಪ್ರತಿ ಸ್ಟ್ರೈಡೂ ಗಿಡ್ಡ ಆಗತ್ತೆ, ಅದು ಟೆಕ್ನಿಕ್ಕು, ಒಳ್ಳೆ ಸ್ಕೇಟಿಂಗ್ ಕೋಚ್ ಸಿಕ್ಕಿ ಕಾಲಿಗೆ ಶಕ್ತಿ ಬಂದ್ರೆ ತಿದ್ದಬಹುದು. ಬ್ರೇಡನ್ ಪಾಯಿಂಟ್ ಅನ್ನೋ ಆಟಗಾರನ್ನ ಟ್ಯಾಂಪಾ ಬೇ ಟೀಮು 2014ರ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗು) ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋ ಕಡೆ, ತಗೊಂಡಿದ್ದು ಮೂರನೇ ರೌಂಡಲ್ಲಿ, 79ನೇ ನಂಬರಿಗೆ. ಚಿಕ್ಕವನು, ಸ್ಕೇಟಿಂಗ್ ಸಾಲದು ಅಂತಾನೇ ಅವನ ಬಗ್ಗೆಯೂ ಅನುಮಾನ ಇತ್ತು. ಅವನು ಅದರ ಮೇಲೇ ಕೂತು ಕೆಲಸ ಮಾಡ್ದ, ಟ್ಯಾಂಪಾ 2020 ಮತ್ತು 2021ರಲ್ಲಿ ಲೀಗಿನ ಚಾಂಪಿಯನ್ ಆಗಿ ಸ್ಟ್ಯಾನ್ಲಿ ಕಪ್ ಗೆದ್ದಾಗ ಎರಡೂ ಪ್ಲೇಆಫಲ್ಲಿ 14-14 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ. ಸ್ಕೇಟಿಂಗ್ ಸುಮಾರು ಅಂತ ಬರೆದು ಪೆನ್ನು ಕೆಳಗಿಟ್ಟೋರಿಗೆ ಅಂಥ ಹುಡುಗ ಸಿಗಲ್ಲ.

ಸೈಜ್ ವಿಷಯದಲ್ಲಿ ಮೊದಲು ಹುಟ್ಟಿದ ತಾರೀಖು ನೋಡು, ನಿನ್ನ ರಿಪೋರ್ಟಲ್ಲಿ ಅದೇ ಇಲ್ಲ! ಎನ್‌ಎಚ್‌ಎಲ್ ಡ್ರಾಫ್ಟಿಗೆ ಸೆಪ್ಟೆಂಬರ್ 15ರ ಒಳಗೆ 18 ತುಂಬಿರಬೇಕು, ಹಾಗಾಗಿ ಸೆಪ್ಟೆಂಬರ್ 16ಕ್ಕೆ ಹುಟ್ಟಿದೋನು ಮುಂದಿನ ವರ್ಷದ ಡ್ರಾಫ್ಟಿಗೆ ಹೋಗ್ತಾನೆ, ಅಲ್ಲಿ ತನಗಿಂತ ಹೆಚ್ಚುಕಮ್ಮಿ ಒಂದು ವರ್ಷ ಚಿಕ್ಕವನ ಪಕ್ಕದಲ್ಲಿ ನಿಲ್ತಾನೆ, ಆ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ಎಷ್ಟು ಮೈ ತುಂಬ್ಕೊಳತ್ತೆ ಯೋಚ್ನೆ ಮಾಡು. ಆಮೇಲೆ ಗಿಡ್ಡ ಹುಡುಗ ಪಕ್‌ನ (ಐಸ್ ಮೇಲೆ ಜಾರೋ ರಬ್ಬರ್ ಬಿಲ್ಲೆ) ಹೇಗೆ ಕಾಪಾಡ್ಕೋತಾನೆ ನೋಡು. ರಿಂಕ್ ಸುತ್ತಲಿನ ಬೋರ್ಡ್ ಗೋಡೆ ಹತ್ರ ಪಕ್ ತಗೊಳೋಕೆ ಹೋಗೋವಾಗ ಹಿಂದೆ ಯಾರು ಬರ್ತಿದಾರೆ ಅಂತ ಭುಜದ ಮೇಲಿಂದ ತಿರುಗಿ ನೋಡ್ತಾನಾ, ಡಿಕ್ಕಿ ಬರೋಕೆ ಮುಂಚೆನೇ ಮೈ ಅಡ್ಡ ಇಟ್ಟು ಜಾಗ ಮಾಡ್ಕೋತಾನಾ. ಮಾರ್ಟಿನ್ ಸೇಂಟ್ ಲೂಯಿಯ ಎತ್ತರ 5 ಅಡಿ 8 ಇಂಚು, ಡ್ರಾಫ್ಟಲ್ಲಿ ಯಾರೂ ತಗೊಳ್ಲೇ ಇಲ್ಲ, 2004ರಲ್ಲಿ ಹಾರ್ಟ್ ಟ್ರೋಫಿ (ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡೋದು), ಆರ್ಟ್ ರಾಸ್ ಟ್ರೋಫಿ (ಗೋಲು, ಅಸಿಸ್ಟ್ ಸೇರಿ ಅತಿ ಹೆಚ್ಚು ಪಾಯಿಂಟ್ ಮಾಡಿದೋನಿಗೆ), ಸ್ಟ್ಯಾನ್ಲಿ ಕಪ್ ಮೂರೂ ಅವನ ಕೈಗೆ ಬಂತು.

ಇನ್ನು ಮೈ ಬಗ್ಗಿಸಿ ಆಡಲ್ಲ ಅನ್ನೋದು. ಇದು ತುಂಬಾ ಭಾರದ ಮಾತು ಮರಿ, ಒಬ್ಬ ಹುಡುಗನ ಗುಣದ ಮೇಲೇ ಹೇಳ್ತಿದೀಯ, ಒಂದು ಮ್ಯಾಚ್ ನೋಡಿ ಬರಿಯೋದಲ್ಲ. ಅವತ್ತು ಮೂರು ದಿನದಲ್ಲಿ ಮೂರನೇ ಮ್ಯಾಚ್ ಆಗಿತ್ತಾ? ಲೈನ್ ಚೇಂಜ್ (ಆಟದ ನಡುವೆ ಆಟಗಾರರನ್ನ ಬದಲಿಸೋದು) ಸಿಗದೆ ಒಂದು ನಿಮಿಷದ ಮೇಲೆ ಐಸ್ ಮೇಲೇ ಇದ್ದನಾ? ಫೋರ್‌ಚೆಕ್ಕಲ್ಲಿ (ಎದುರಾಳಿ ಕಡೆ ನುಗ್ಗಿ ಪಕ್ ಕಿತ್ಕೊಳೋವಾಗ) ಮೂರನೆಯವನಾಗಿ ಅವರ ಗೋಲಿಂದ ದೂರಾನೇ ನಿಲ್ಲು ಅಂತ ಕೋಚೇ ಹೇಳಿರಬಹುದಲ್ವಾ, ಆಗ ನೋಡೋರ ಕಣ್ಣಿಗೆ ಸುಮ್ನೆ ನಿಂತಂಗೇ ಕಾಣತ್ತೆ. ಒಂದು ಪೂರ್ತಿ ಪೀರಿಯಡ್ ಪಕ್ ಮರೆತು ಇವನೊಬ್ಬನನ್ನೇ ನೋಡು, ಗ್ಲಾಸ್ ಪಕ್ಕ ಬೇಡ, ಮೇಲೆ ಮೂಲೇಲಿ ಕೂತ್ರೆ ಐದೂ ಜನರ ನಡುವೆ ಇವನು ಎಲ್ಲಿರ್ತಾನೆ ಅಂತ ಗೊತ್ತಾಗತ್ತೆ. ಪಕ್ ಕಳ್ಕೊಂಡ ಕೂಡ್ಲೇ ಗಕ್ಕನೆ ನಿಂತು ವಾಪಸ್ ಓಡ್ತಾನಾ ಅಥವಾ ದೊಡ್ಡ ಸುತ್ತು ಹಾಕ್ಕೊಂಡು ಜಾರ್ತಾ ಬರ್ತಾನಾ, ಟೀಮು ನಾಲ್ಕು ಗೋಲು ಹಿಂದೆ ಇದ್ದಾಗ್ಲೂ ಬ್ಯಾಕ್‌ಚೆಕ್ ಮಾಡ್ತಾನಾ, ಅಂದ್ರೆ ವಾಪಸ್ ಓಡಿ ಎದುರಾಳೀನ ತಡೀತಾನಾ. ಬೇರೆ ಬೇರೆ ರಿಂಕಲ್ಲಿ, ಬೇರೆ ಬೇರೆ ಎದುರಾಳಿ ಮುಂದೆ ನೋಡಿ, ಆಗ್ಲೂ ಇದೇ ಕಂಡ್ರೆ ಮುಲಾಜಿಲ್ಲದೆ ಬರಿ, ನಾನು ತಡೆಯಲ್ಲ.

ಸ್ಟ್ರೆಂತ್ ಕಡೆಗೂ ಇದೇ ಪ್ರಶ್ನೆ ಹಾಕು. ಅವನು ಡಿಫೆನ್ಸ್‌ಮನ್ ಸ್ಟಿಕ್ಕಿನ ಅಡಿಯಿಂದ ಪಕ್ ದಾಟಿಸಿ ಹೋಗೋದು ನೋಡೋಕೆ ಬಲು ಚೆಂದ, ಆದ್ರೆ ಜೂನಿಯರ್ ಡಿಫೆನ್ಸ್‌ಮನ್ ಅಷ್ಟು ದೂರ ಬಿಟ್ಟು ನಿಂತಿರೋದ್ರಿಂದ ಆಗ್ತಿದೆಯಾ? ಗ್ಯಾಪ್ ಬಿಗಿ ಮಾಡಿ ಮೈಗೆ ಬರೋರ ಮುಂದೆ ಏನು ಮಾಡ್ತಾನೆ? ಅಲೆಕ್ಸಾಂಡರ್ ಡೇಗ್ಲ್ 1992-93ರಲ್ಲಿ ಕ್ಯೂಬೆಕ್ ಜೂನಿಯರ್ ಲೀಗಲ್ಲಿ 137 ಪಾಯಿಂಟ್ ಮಾಡಿ ಡ್ರಾಫ್ಟಲ್ಲಿ ಮೊದಲನೆಯವನಾದ, ಎನ್‌ಎಚ್‌ಎಲ್‌ನಲ್ಲಿ ಯಾವ ಸೀಸನಲ್ಲೂ 51 ದಾಟ್ಲಿಲ್ಲ. ಅದೇ ಡ್ರಾಫ್ಟಲ್ಲಿ ಎರಡನೆಯವನು ಕ್ರಿಸ್ ಪ್ರಾಂಗರ್, 2000ರಲ್ಲಿ ಹಾರ್ಟ್ ಟ್ರೋಫಿ ತಗೊಂಡ. ಪಾಯಿಂಟ್ ಲೆಕ್ಕ ಬರ್ದ್ರೆ ಪವರ್ ಪ್ಲೇಲಿ (ಎದುರಾಳಿ ಆಟಗಾರ ಶಿಕ್ಷೆಗೆ ಹೊರಗಿದ್ದಾಗ) ಬಂದಿದ್ದೆಷ್ಟು, ಎರಡನೇ ಅಸಿಸ್ಟ್ (ಗೋಲಿಗೆ ಮುಂಚಿನ ಪಾಸಿಗೂ ಹಿಂದಿನ ಪಾಸ್) ಎಷ್ಟು, ಪಕ್ಕದ ವಿಂಗರ್‌ಗಳ ವಯಸ್ಸೆಷ್ಟು, ಅದನ್ನೂ ಹಾಕು.

ಇನ್ನೊಂದು, ಬೇರೆ ಸ್ಕೌಟ್‌ಗಳ ಜೊತೆ ಮಾತಿಗೆ ಕೂರೋಕೆ ಮುಂಚೆ ನಿನ್ನ ನೋಟ್ಸ್ ಬರೆದು ಮುಗಿಸಿಬಿಡು. ಅವರು ಕೆಟ್ಟವರು ಅಂತಲ್ಲ, ಅನುಭವಸ್ಥರ ಬಾಯಿಂದ ಒಂದು ಮಾತು ಕೇಳಿದ ಮೇಲೆ ನಮ್ಮ ಕಣ್ಣು ಅದನ್ನೇ ಹುಡುಕೋಕೆ ಶುರು ಮಾಡತ್ತೆ.

ಮುಂದೆ ಅವರ ಟೀಮ್ ಹೊರಗೆ ಹೋಗಿ ಆಡೋ ಮ್ಯಾಚಿಗೆ ಹೋಗು. ಅಲ್ಲಿ ಕೊನೇ ಲೈನ್ ಚೇಂಜ್ ಎದುರು ಟೀಮಿನ ಕೈಲಿರತ್ತೆ, ಅವರ ಗಟ್ಟಿ ಡಿಫೆನ್ಸ್ ಜೋಡೀನೇ ಇವನ ಮೇಲೆ ಬಿಡ್ತಾರೆ. ವಾರ್ಮಪ್ಪಿಗೇ ಹೋಗಿ ಕೂತ್ಕೋ. ಬರೆದಿದ್ದನ್ನ ತಿದ್ದದೆ ಅವತ್ತು ರಾತ್ರಿನೇ ನನಗೆ ಕಳ್ಸು, ಹುಟ್ಟಿದ ತಾರೀಖು ಮರೀಬೇಡ.

ನಿನ್ನ ಪ್ರೀತಿಯ
ಸೋದರಮಾವ